ಪರದೇಶದ ಶೇರು ಪೇಟೆಯಲ್ಲಿ ಹಣ ಹೂಡುವ ಮುನ್ನ

ಅಂತ್ಯದಿನದ ವಿಚಾರಣೆಯಲ್ಲಿ ಮನುಷ್ಯನು ತನ್ನ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುವುದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದು ಯಾವ ಮಾರ್ಗದಿಂದ ಬಂತು ಎಂಬುದು ಮೊದಲನೆಯದು, ಯಾವ ಮಾರ್ಗದಲ್ಲಿ ಹೋಯಿತು ಎಂಬುದು ಎರಡನೆಯದು. ಬೆವರು ಸುರಿಸಿ ದುಡಿದವರು ಮೊದಲನೆಯ ಪ್ರಶ್ನೆಯ ಬಗ್ಗೆ ನೆಮ್ಮದಿಯಿಂದಿರುತ್ತಾರೆ. ಆದರೆ ಉಳಿತಾಯದ ಹಣವನ್ನು ಎಲ್ಲಿ ತೊಡಗಿಸುವುದು ಎಂಬ ಮಾತು ಬಂದಾಗ ಎರಡೂ ಪ್ರಶ್ನೆಗಳು ಮತ್ತೆ ಎದುರಾಗುತ್ತವೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಅಳಿಯನೋ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುತ್ತಾನೆ. ಊರಿನಲ್ಲಿರುವವರಿಗೂ ಇಂದು ವಿದೇಶದ ಶೇರು ಕೊಳ್ಳುವ ದಾರಿ ತೆರೆದಿದೆ. ಬೆಳೆಯುತ್ತಿರುವ ರಾಷ್ಟ್ರಗಳಲ್ಲಿ ಲಾಭ ಹೆಚ್ಚು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆ ದೇಶ ಮುಸ್ಲಿಮ್ ರಾಷ್ಟ್ರವಾಗಿದ್ದರಂತೂ, "ಇನ್ನೇನು, ಹಲಾಲೇ ಅಲ್ಲವೇ?" ಎಂದು ಕೆಲವರು ಕಣ್ಣುಮುಚ್ಚಿ ಹಣ ಕಳುಹಿಸುತ್ತಾರೆ. ಆದ್ದರಿಂದ ಅಂತಹ ಒಂದು ದೇಶದ ಅನುಭವವನ್ನೇ ಮುಂದಿಟ್ಟುಕೊಂಡು ಈ ಪಾಠವನ್ನು ಕಲಿಯೋಣ. ಆ ದೇಶ ಮಲೇಷ್ಯಾ.

ಮಲೇಷ್ಯಾದಲ್ಲಿ ನಡೆದುದೇನು?

1990ರ ದಶಕದ ಮೊದಲರ್ಧದಲ್ಲಿ ಮಲೇಷ್ಯಾ ಶೀಘ್ರವಾಗಿ ಬೆಳೆಯುತ್ತಿತ್ತು. ಹೊರದೇಶದ ಹಣ ಕೌಲಾಲಂಪುರದ ಶೇರು ಪೇಟೆಗೆ ಹರಿದು ಬರುತ್ತಿತ್ತು. 1997ರ ಫೆಬ್ರವರಿಯಲ್ಲಿ ಅಲ್ಲಿನ ಸೂಚ್ಯಂಕ 1,270ನ್ನು ದಾಟಿತ್ತು. ಅದೇ ವರ್ಷದ ಜುಲೈಯಲ್ಲಿ ಥಾಯ್ಲೆಂಡಿನ ನಾಣ್ಯ ಕುಸಿಯಿತು. ಭಯ ನೆರೆಯ ದೇಶಗಳಿಗೂ ಹರಡಿತು. ಹೊರಗಿನವರು ಬಂದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಹಣ ಹಿಂದೆಗೆದುಕೊಂಡರು. ಡಾಲರ್ ಒಂದಕ್ಕೆ ಸುಮಾರು ಎರಡೂವರೆ ಇದ್ದ ರಿಂಗಿಟ್ 1998ರ ಜನವರಿಯಲ್ಲಿ ನಾಲ್ಕೂವರೆಯನ್ನೂ ಮೀರಿ ಇಳಿಯಿತು. 1998ರ ಸೆಪ್ಟೆಂಬರ್ 1ರಂದು ಸೂಚ್ಯಂಕ 263ರ ಆಸುಪಾಸಿಗೆ ಬಂದು ನಿಂತಿತು.

ಅದೇ ದಿನ ಪ್ರಧಾನಿ ಮಹಾತೀರ್ ಮುಹಮ್ಮದ್‌ರ ಸರಕಾರ ಕಠಿಣ ಕ್ರಮಗಳನ್ನು ಘೋಷಿಸಿತು. ವಿದೇಶೀಯರು ಶೇರು ಮಾರಿದ ಹಣವನ್ನು ಒಂದು ವರ್ಷದ ತನಕ ದೇಶದಿಂದ ಹೊರಗೊಯ್ಯುವಂತಿರಲಿಲ್ಲ. ಮರುದಿನ ರಿಂಗಿಟ್‌ನ ಬೆಲೆಯನ್ನು ಡಾಲರ್‌ಗೆ 3.80ರಂತೆ ನಿಗದಿಗೊಳಿಸಲಾಯಿತು. 1999ರ ಫೆಬ್ರವರಿಯಲ್ಲಿ ಒಂದು ವರ್ಷದ ತಡೆಯ ಬದಲಿಗೆ ಹಂತಹಂತದ ತೆರಿಗೆ ಬಂತು. 2001ರ ಮೇಯಲ್ಲಿ ಅದನ್ನೂ ತೆಗೆದುಹಾಕಲಾಯಿತು. 3.80ರ ನಿಗದಿ 2005ರ ಜುಲೈವರೆಗೆ ಮುಂದುವರಿಯಿತು.

ಈಗ ಒಂದು ಲೆಕ್ಕ ಮಾಡಿ ನೋಡಿ. ಒಬ್ಬನು 1997ರ ಆರಂಭದಲ್ಲಿ 10,000 ಡಾಲರನ್ನು 25,000 ರಿಂಗಿಟ್ ಆಗಿ ಬದಲಾಯಿಸಿ, ಸೂಚ್ಯಂಕದಂತೆಯೇ ಏರಿಳಿಯುವ ಶೇರುಗಳನ್ನು ಕೊಂಡನೆಂದಿಟ್ಟುಕೊಳ್ಳಿ. ಸೂಚ್ಯಂಕ 263ಕ್ಕೆ ಇಳಿದಾಗ ಅವನ ಕೈಯಲ್ಲಿ ಸುಮಾರು 5,200 ರಿಂಗಿಟ್ ಉಳಿಯಿತು. 3.80ರ ದರದಲ್ಲಿ ಅದು 1,400 ಡಾಲರೂ ಅಲ್ಲ. 1999ರ ಕೊನೆಗೆ ಸೂಚ್ಯಂಕ ಚೇತರಿಸಿ 800ನ್ನು ದಾಟಿತು. ಆಗಲೂ ಸ್ಥಳೀಯನಿಗೆ ತನ್ನ ಹಣದ ಮೂರರಲ್ಲಿ ಎರಡು ಪಾಲಿನಷ್ಟು ಮರಳಿದರೆ, ಹೊರಗಿನವನಿಗೆ ಡಾಲರಿನಲ್ಲಿ ಸಿಕ್ಕಿದ್ದು ಸುಮಾರು 4,100 ಮಾತ್ರ. ಶೇರಿನ ನಷ್ಟ ಇಬ್ಬರಿಗೂ ಸಮಾನ, ನಾಣ್ಯದ ನಷ್ಟ ಪರದೇಶಿಗೆ ಮಾತ್ರ.

ಇನ್ನೊಂದು ಸಂಗತಿಯೂ ಗಮನಾರ್ಹ. ಮಲೇಷ್ಯಾದ ಕಂಪೆನಿಗಳ ಶೇರುಗಳ ಮಾರಾಟ ಸಿಂಗಾಪುರದ 'ಕ್ಲೋಬ್' ಎಂಬ ಮಾರುಕಟ್ಟೆಯಲ್ಲೂ ನಡೆಯುತ್ತಿತ್ತು. 1998ರ ನಿಯಮಗಳು ಬಂದೊಡನೆ ಅದು ನಿಂತುಹೋಯಿತು. ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಹೂಡಿಕೆದಾರರು ತಮ್ಮದೇ ಶೇರುಗಳನ್ನು ಮಾರಲಾಗದೆ ಸಿಕ್ಕಿಬಿದ್ದರು. 2000ನೇ ಇಸವಿಯಲ್ಲಿ ಒಂದು ಒಪ್ಪಂದಕ್ಕೆ ಬಂದ ಬಳಿಕವೇ ಬಿಡುಗಡೆಯ ದಾರಿ ಕಂಡಿತು. ಶೇರುಗಳು ಯಾರ ಹೆಸರಿನಲ್ಲಿ, ಯಾವ ದೇಶದ ಕಾನೂನಿನಡಿ ಇವೆ ಎಂಬುದನ್ನು ಮೊದಲೇ ವಿಚಾರಿಸಬೇಕೆಂಬ ಪಾಠ ಇದರಲ್ಲಿದೆ.

ಅತಿಥಿಯ ಹೊಣೆ

ಮಲೇಷ್ಯಾದ ಕ್ರಮವನ್ನು ಹಲವು ಅರ್ಥಶಾಸ್ತ್ರಜ್ಞರು ಟೀಕಿಸಿದರು. ಸಟ್ಟಾಕೋರರಿಂದ ಜನರನ್ನು ರಕ್ಷಿಸಲು ಅದು ಅಗತ್ಯವಾಗಿತ್ತೆಂದು ಅಲ್ಲಿನ ಸರಕಾರ ಹೇಳಿತು. ಆ ಚರ್ಚೆ ಏನೇ ಇರಲಿ, ಸತ್ಯವಿಶ್ವಾಸಿಯು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನನ್ನ ಹಣ ಆ ನಾಡಿನ ಜನರ ದುಡಿಮೆಗೆ ಊರುಗೋಲಾಗುತ್ತದೆಯೇ ಅಥವಾ ಅವರ ಸಂಕಟದಲ್ಲಿ ಪಾಲು ಕೇಳುತ್ತದೆಯೇ?

ತನ್ನಲ್ಲಿಲ್ಲದ ವಸ್ತುವನ್ನು ಮಾರುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಎರವಲು ಪಡೆದ ಶೇರನ್ನು ಮಾರಿ, ಬೆಲೆ ಬಿದ್ದಾಗ ಕೊಂಡು ಹಿಂದಿರುಗಿಸುವ ವ್ಯವಹಾರವನ್ನು ಹೆಚ್ಚಿನ ವಿದ್ವಾಂಸರು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಒಪ್ಪಂದಗಳನ್ನು ಪೂರೈಸಬೇಕೆಂಬುದು ಸೂರಃ ಅಲ್‌ಮಾಇದದ ಮೊದಲ ವಚನದಲ್ಲೇ ಇರುವ ಆಜ್ಞೆ. ಪರದೇಶದ ಪೇಟೆಯನ್ನು ಪ್ರವೇಶಿಸುವವನು ಅಲ್ಲಿನ ನಿಯಮಗಳಿಗೆ ಒಪ್ಪಿಯೇ ಪ್ರವೇಶಿಸುತ್ತಾನೆ. ಬೇರೊಬ್ಬನ ಹೆಸರಿನಲ್ಲಿ ಖಾತೆ ತೆರೆಯುವುದು, ತೆರಿಗೆ ಮರೆಮಾಚುವುದು, ಹುಂಡಿಯ ಮೂಲಕ ಹಣ ಸಾಗಿಸುವುದು ಇವೆಲ್ಲ ಆ ಒಪ್ಪಂದವನ್ನು ಮುರಿಯುತ್ತವೆ.

ಹಲಾಲ್ ಎಂಬುದನ್ನು ತಿಳಿಯುವುದು ಹೇಗೆ?

ಶೇರು ಎಂದರೆ ಒಂದು ಕಂಪೆನಿಯ ಒಡೆತನದ ಪಾಲು. ಅದು ಮದ್ಯ ತಯಾರಿಸಿದರೆ ಆ ತಯಾರಿಕೆಯಲ್ಲಿ ನಿಮ್ಮ ಪಾಲೂ ಇದೆ. ಅದು ಬಡ್ಡಿಯ ಬ್ಯಾಂಕಾಗಿದ್ದರೆ ಆ ಬಡ್ಡಿಯಲ್ಲೂ ಇದೆ. ಕಂಪೆನಿ ಮುಸ್ಲಿಮ್ ದೇಶದ್ದೆಂಬುದರಿಂದ ಈ ಸ್ಥಿತಿ ಬದಲಾಗದು. ಮಲೇಷ್ಯಾದ ಪೇಟೆಯಲ್ಲೇ ಮದ್ಯದ ಮತ್ತು ಜೂಜಿನ ಕಂಪೆನಿಗಳೂ ಇವೆ.

ಆದರೆ ಅಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಶೇರು ಪೇಟೆಯ ಮೇಲ್ವಿಚಾರಣೆ ನಡೆಸುವ ಸರಕಾರಿ ಆಯೋಗವು 1996ರಲ್ಲಿ ವಿದ್ವಾಂಸರ ಶರೀಅತ್ ಸಲಹಾ ಮಂಡಳಿಯನ್ನು ಸ್ಥಾಪಿಸಿತು. 1997ರಿಂದ ಶರೀಅತ್‌ಗೆ ಒಪ್ಪುವ ಶೇರುಗಳ ಪಟ್ಟಿ ಹೊರಬರುತ್ತಿದೆ. ಪ್ರತಿವರ್ಷ ಮೇ ಮತ್ತು ನವೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಲಾಗುತ್ತದೆ. ಮೊದಲು ಕಂಪೆನಿಯ ಆದಾಯದ ಮೂಲವನ್ನು ಮಾತ್ರ ನೋಡಲಾಗುತ್ತಿತ್ತು. 2013ರಿಂದ ಬಡ್ಡಿಯ ಸಾಲವನ್ನೂ, ಬಡ್ಡಿಗೆ ಇಟ್ಟ ನಗದನ್ನೂ ಪರಿಶೀಲಿಸಿ, ಇವು ಪ್ರತ್ಯೇಕವಾಗಿ ಒಟ್ಟು ಆಸ್ತಿಯ ಶೇಕಡಾ 33ಕ್ಕಿಂತ ಕಡಿಮೆಯಿರಬೇಕೆಂದು ನಿಯಮಿಸಲಾಗಿದೆ.

ಇಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಮುಖ್ಯ ವ್ಯಾಪಾರ ಧರ್ಮಸಮ್ಮತವಾಗಿದ್ದರೂ ಕೆಲವೊಮ್ಮೆ ಬಡ್ಡಿಯಲ್ಲಿ ವ್ಯವಹರಿಸುವ ಕಂಪೆನಿಯಲ್ಲಿ ಪಾಲು ಪಡೆಯುವುದು ಮೂಲತಃ ನಿಷಿದ್ಧವೆಂದು ತೀರ್ಮಾನಿಸಿತು. ಇಂದಿನ ವ್ಯಾಪಾರದಲ್ಲಿ ಬಡ್ಡಿಯ ಸೋಂಕಿಲ್ಲದ ದೊಡ್ಡ ಕಂಪೆನಿ ಸಿಗುವುದೇ ವಿರಳವೆಂಬ ಕಾರಣಕ್ಕೆ ಇತರ ವಿದ್ವಾಂಸರು ಮಿತಿಗಳೊಂದಿಗೆ ಅನುಮತಿಸಿದ್ದಾರೆ. ಅಂತಹ ಲಾಭದಲ್ಲಿ ಬೆರೆತಿರುವ ನಿಷಿದ್ಧ ಭಾಗವನ್ನು ಲೆಕ್ಕಹಾಕಿ, ಪುಣ್ಯದ ನಿರೀಕ್ಷೆಯಿಲ್ಲದೆ ದಾನವಾಗಿ ಹೊರಹಾಕಬೇಕೆಂದು ಅವರು ಹೇಳುತ್ತಾರೆ. ನೀವು ನಂಬುವ ಆಲಿಮರೊಡನೆ ಇದನ್ನು ಕೇಳಿ ತಿಳಿದುಕೊಳ್ಳಿರಿ. ಸಂಶಯ ಉಳಿದರೆ ಸಂಶಯವಿಲ್ಲದ ಕಡೆಗೆ ಸರಿಯುವುದೇ ಪ್ರವಾದಿವರ್ಯರು(ಸ) ತೋರಿದ ದಾರಿ.

ಝಕಾತನ್ನೂ ಮರೆಯದಿರಿ. ಮಾರಿ ಲಾಭ ಪಡೆಯಲೆಂದೇ ಕೊಂಡ ಶೇರು ವ್ಯಾಪಾರದ ಸರಕಿನಂತೆ. ಝಕಾತ್ ಕಡ್ಡಾಯವಾಗಿರುವವರು ವರ್ಷ ತುಂಬಿದಾಗ ಅದರ ಪೇಟೆ ಬೆಲೆಯ ಎರಡೂವರೆ ಶೇಕಡಾ ಕೊಡಬೇಕು. ದೀರ್ಘಕಾಲ ಇಟ್ಟುಕೊಳ್ಳುವ ಶೇರಿನ ಲೆಕ್ಕದಲ್ಲಿ ಅಭಿಪ್ರಾಯ ಭೇದಗಳಿವೆ.

ನೀವು ಪಾಲಿಸಬೇಕಾದ ಕೆಲವು ವಿಷಯಗಳು

1. ಹಜ್ಜಿಗೆಂದು ತೆಗೆದಿಟ್ಟ ಹಣ, ಪತ್ನಿಗೆ ಕೊಡಬೇಕಾದ ಮಹ್ರ್, ಮಕ್ಕಳ ಶಾಲೆಯ ಫೀಸು, ಅನಾಥರ ಸೊತ್ತು ಇವುಗಳನ್ನು ಇಂತಹ ಪೇಟೆಗೆ ಹಾಕದಿರಿ. ಮಲೇಷ್ಯಾದಲ್ಲಿ ಒಂದು ವರ್ಷ ಕಾಯಬಲ್ಲವನಿಗೆ ಬಾಗಿಲು ಮತ್ತೆ ತೆರೆಯಿತು. ಕಾಯಲಾರದವನಿಗೆ ಅದು ಮುಚ್ಚಿಯೇ ಇತ್ತು.

2. ಸಾಲ ಮಾಡಿ ಶೇರು ಕೊಳ್ಳದಿರಿ. ದಲ್ಲಾಳಿಯು ಕೊಡುವ ಸಾಲಕ್ಕೆ ಬಡ್ಡಿಯಿರುತ್ತದೆ. ಬೆಲೆ ಬಿದ್ದಾಗ ನಿಮ್ಮನ್ನು ಕೇಳದೆಯೇ ಶೇರನ್ನು ಮಾರಿಬಿಡುವ ಹಕ್ಕೂ ಅವನಿಗಿರುತ್ತದೆ.

3. ಊರಿನಲ್ಲಿ ವಾಸಿಸುವವರು ರಿಸರ್ವ್ ಬ್ಯಾಂಕಿನ ಯೋಜನೆಯಡಿ ಬ್ಯಾಂಕಿನ ಮೂಲಕವೇ ಹಣ ಕಳುಹಿಸಬೇಕು. 2004ರಲ್ಲಿ 25,000 ಡಾಲರಿನ ಮಿತಿಯೊಂದಿಗೆ ಆರಂಭವಾದ ಆ ಯೋಜನೆಯಲ್ಲಿ 2015ರಿಂದ ವರ್ಷಕ್ಕೆ 2,50,000 ಡಾಲರಿನ ಮಿತಿಯಿದೆ. ಕೊಲ್ಲಿಯಲ್ಲಿದ್ದಾಗ ಕೊಂಡ ಶೇರನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಕಾನೂನು ಅನುಮತಿಸುತ್ತದೆ. ಆದರೆ ಸಾಮಾನ್ಯ ನಿವಾಸಿಯಾದ ಮೇಲೆ ಆದಾಯ ತೆರಿಗೆಯ ವಿವರದಲ್ಲಿ ಅದನ್ನು ತೋರಿಸಬೇಕು.

4. ತಿಂಗಳಿಗಿಷ್ಟು ಲಾಭ ಖಂಡಿತ ಎಂದು ಯಾರಾದರೂ ಹೇಳಿದರೆ, ಅವನ ಗಡ್ಡ, ಟೋಪಿ ಮತ್ತು ಮಾತಿನ ಸಿಹಿಯನ್ನು ನೋಡಿ ಮರುಳಾಗದಿರಿ. ವ್ಯಾಪಾರದಲ್ಲಿ ಲಾಭದಂತೆ ನಷ್ಟವೂ ಇದೆ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರನ್ನು ನಂಬಿದ ಸಾವಿರಾರು ಕುಟುಂಬಗಳು ಜೀವಮಾನದ ಗಳಿಕೆಯನ್ನು ಕಳೆದುಕೊಂಡು ಬೀದಿಯಲ್ಲಿ ಅತ್ತದ್ದನ್ನು ನಾವು ಮರೆಯಬಾರದು.

5. ಲೆಕ್ಕವನ್ನು ಬರೆದಿಡಿರಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್‌ಬಕರದ 282ನೇ ವಚನ ಕಲಿಸುತ್ತದೆ. ಯಾವ ಖಾತೆಯಲ್ಲಿ ಎಷ್ಟಿದೆ ಎಂಬುದು ಮನೆಯವರಿಗೆ ತಿಳಿದಿರಲಿ. ಪರದೇಶದಲ್ಲಿ ಮರಣ ಹೊಂದಿದವನ ಹಣ ಎಲ್ಲಿದೆಯೆಂದೇ ತಿಳಿಯದಿದ್ದರೆ ವಾರಸುದಾರರ ಹಕ್ಕು ನಷ್ಟವಾಗುತ್ತದೆ.

ಪ್ರಿಯ ಓದುಗರೇ, ವ್ಯಾಪಾರವನ್ನು ಅಲ್ಲಾಹನು ಧರ್ಮಸಮ್ಮತಗೊಳಿಸಿದ್ದಾನೆ. ದೂರದ ನಾಡಿನಲ್ಲಿ ಬಂಡವಾಳ ತೊಡಗಿಸುವುದು ಮುಸ್ಲಿಮರಿಗೆ ಹೊಸದಲ್ಲ. ಖದೀಜಾರ(ರ) ಸರಕನ್ನು ಪ್ರವಾದಿವರ್ಯರು(ಸ) ಸಿರಿಯಾಕ್ಕೆ ಒಯ್ದಿದ್ದರು. ಆದರೆ ಖದೀಜಾ(ರ) ತಮ್ಮ ಸಂಪತ್ತನ್ನು ಒಪ್ಪಿಸುವ ಮುನ್ನ ಒಬ್ಬ ಪ್ರಾಮಾಣಿಕನನ್ನು ಆರಿಸಿಕೊಂಡರು, ಸರಕು ಯಾವುದೆಂದು ಬಲ್ಲವರಾಗಿದ್ದರು ಮತ್ತು ಹಿಂದಿರುಗಿದ ಮೇಲೆ ವಿಚಾರಿಸಿದರು. ನಾಳೆ ತಾನೇನು ಗಳಿಸುವೆನೆಂದು ಯಾವ ಜೀವವೂ ಅರಿಯದೆಂಬುದನ್ನು ಸೂರಃ ಲುಕ್ಮಾನ್ ನೆನಪಿಸುತ್ತದೆ. ಆದ್ದರಿಂದ ಒಂಟೆಯನ್ನು ಕಟ್ಟಿಹಾಕಿರಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಿರಿ. ಅವನು ನಮಗೆಲ್ಲ ಶುದ್ಧವಾದ ಜೀವನಾಧಾರವನ್ನೂ ಅದರಲ್ಲಿ ಸಮೃದ್ಧಿಯನ್ನೂ ಕರುಣಿಸಲಿ. ಆಮೀನ್.