ಸಾಲದ ಚೈತನ್ಯ

ಮಾದಕ ವಸ್ತುವೆಂದರೆ ಅಮಲೇರಿಸಿ ಮಲಗಿಸುವಂಥದ್ದು ಎಂದೇ ಅನೇಕರ ತಿಳುವಳಿಕೆ. ಆದರೆ ನಿದ್ದೆಗೆಡಿಸಿ ಹುರುಪೇರಿಸುವ ವಸ್ತುಗಳೂ ಇವೆ. ಕೊಕೇನ್, ಆಂಫೆಟಮೈನ್, 1986ರಲ್ಲೇ ಅಂತಾರಾಷ್ಟ್ರೀಯ ನಿಯಂತ್ರಣಕ್ಕೊಳಗಾದರೂ ಕೊಲ್ಲಿ ರಾಷ್ಟ್ರಗಳನ್ನು ಕಾಡುತ್ತಿರುವ ಕ್ಯಾಪ್ಟಗಾನ್ ಮಾತ್ರೆ ಈ ಗುಂಪಿಗೆ ಸೇರಿವೆ.

ಜನರು ಇವನ್ನು ಏಕೆ ಆರಂಭಿಸುತ್ತಾರೆ? ಹಾಳಾಗಬೇಕೆಂದು ಯಾರೂ ಆರಂಭಿಸುವುದಿಲ್ಲ. ಪರೀಕ್ಷೆಗೆ ಓದಬೇಕು, ರಾತ್ರಿಯಿಡೀ ಲಾರಿ ಓಡಿಸಬೇಕು, ಗೆಳೆಯರೆದುರು ಹಿಂಜರಿಯಬಾರದು, ಮನಸ್ಸಿನ ಬೇಸರ ಮರೆಯಬೇಕು - ಇಂತಹ ಕಾರಣಗಳೇ ಹೆಚ್ಚು. ವಾಸ್ತವದಲ್ಲಿ ಮಾತ್ರೆಯು ಶಕ್ತಿ ಕೊಡುವುದಿಲ್ಲ. ಮೆದುಳಿನ ಡೋಪಮಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಹರಿಯಬಿಡುತ್ತದೆ. ನಾಳಿನ ಚೈತನ್ಯವನ್ನು ಇಂದೇ ಬಡ್ಡಿಗೆ ತಂದಂತೆ. ಆ ಸಾಲ ತೀರಿಸಲು ಮತ್ತೊಂದು ಸಾಲ!

ಬಿಡುವವರೂ ಇದ್ದಾರೆ. ಎದೆಬಡಿತಕ್ಕೆ ಬೆದರಿ, ಕೆಲಸ ಕಳೆದುಕೊಂಡು, ಮಕ್ಕಳ ಮುಖ ನೋಡಿ, ಅಲ್ಲಾಹನಿಗೆ ಉತ್ತರಿಸಬೇಕೆಂಬ ಅರಿವಾಗಿ ಬಿಡುತ್ತಾರೆ. ಆದರೆ ಮೊದಲ ವಾರಗಳು ಕಠಿಣ. ಅತಿಯಾದ ನಿದ್ದೆ, ಹಸಿವು, ಸಿಡುಕು, ಖಿನ್ನತೆ ಕಾಡುತ್ತವೆ. ಮನೆಯವರು ಅದನ್ನು ಸೋಮಾರಿತನವೆಂದು ಹಂಗಿಸುತ್ತಾರೆ. ಹಳೆಯ ಗೆಳೆಯರು ಕರೆಯುತ್ತಾರೆ. ಅವನು ಮರಳಿ ಬೀಳುವುದು ಆಗಲೇ.

ಮದ್ಯ ಹರಾಮ್ ಎಂಬ ಅಂತಿಮ ಆಜ್ಞೆ ಬಂದಾಗ ಮದೀನಾದ ಬೀದಿಗಳಲ್ಲಿ ಅದನ್ನು ಚೆಲ್ಲಲಾಯಿತು. ಅದಕ್ಕೆ ಮೊದಲೇ ಹಂತಹಂತವಾಗಿ ಮನಸ್ಸುಗಳನ್ನು ಸಜ್ಜುಗೊಳಿಸಲಾಗಿತ್ತು. ಬಿಟ್ಟವನ ಸುತ್ತ ಬಿಟ್ಟವರದೇ ಸಮಾಜವಿತ್ತು. ಹರಾಮಿನಲ್ಲಿ ರಿಯಾಯಿತಿ ಬೇಡ. ಆದರೆ ಬಿಡಲು ಹೊರಟವನಿಗೆ ಆಸರೆ ಬೇಕು.

ತೌಬಾ ಮಾಡಿದ ಮಗನನ್ನು ವೈದ್ಯರ ಬಳಿಗೂ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಮನೆಯಲ್ಲಿ ಅವನ ತಟ್ಟೆ ಎಲ್ಲರ ಜೊತೆಗಿರಲಿ, ಮಸೀದಿಯ ಸಫ್‌ನಲ್ಲಿ ನಮ್ಮ ಪಕ್ಕ ಅವನಿಗೆ ಜಾಗವಿರಲಿ. ಅಲ್ಲಾಹನು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚದಿರೋಣ.