ರಜೆಯ ದಿನದ ವಿಹಾರ: ಮೊದಲು ಮರಳುವ ಬಸ್ಸು

ನಮ್ಮ ವಾಚನಾಲಯಕ್ಕೆ ಬರುವ ಓದುಗರಲ್ಲಿ ಅನೇಕರು ಉದ್ಯೋಗನಿಮಿತ್ತ ವಡೋದರಕ್ಕೆ ಬಂದು ನೆಲೆಸಿದವರು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವುದನ್ನು ಬಿಟ್ಟರೆ, ಮನೆ, ಕಚೇರಿ, ಮಾರುಕಟ್ಟೆ ಇಷ್ಟರಲ್ಲೇ ದಿನಗಳು ಕಳೆಯುತ್ತವೆ. ಸ್ವಂತ ವಾಹನವಿಲ್ಲದವರು ಬೆಟ್ಟಗುಡ್ಡ ನೋಡುವುದು ಹೇಗೆಂದು ಹಲವರು ನಮ್ಮನ್ನು ಕೇಳಿದ್ದಾರೆ. ಸರಕಾರಿ ಬಸ್ಸು ಮತ್ತು ರೈಲುಗಳನ್ನೇ ನಂಬಿ ಒಂದು ದಿನದಲ್ಲಿ ಹೋಗಿ ಬರುವ ಬಗೆಯನ್ನು ಈ ಪಾಠದಲ್ಲಿ ತಿಳಿಸುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಮೂರು ಸಂಸಾರದವರು ಕೂಡಿ ಕೆರೆಯೊಂದನ್ನು ನೋಡಲು ಹೋಗಿದ್ದೆವು. ಹಳ್ಳಿಯ ನಿಲ್ದಾಣದ ಗೋಡೆಯ ಮೇಲೆ ಕಡೆಯ ಬಸ್ಸಿನ ಹೊತ್ತನ್ನು ಗುಜರಾತಿ ಅಂಕೆಗಳಲ್ಲಿ ಬರೆದಿತ್ತು. ಎಂಟೂವರೆಯೆಂದು ಓದಿಕೊಂಡು ನಿಶ್ಚಿಂತೆಯಿಂದ ಸೂರ್ಯಾಸ್ತದವರೆಗೆ ನೀರಿನ ದಡದಲ್ಲಿ ಕುಳಿತೆವು. ಬರೆದಿದ್ದುದು ನಾಲ್ಕೂವರೆ! ನಮ್ಮಲ್ಲೊಬ್ಬರ ತಾಯಿಯವರು ಸಂಜೆ ತಪ್ಪದೆ ತೆಗೆದುಕೊಳ್ಳಬೇಕಾದ ಔಷಧಿ ಮನೆಯಲ್ಲೇ ಉಳಿದಿತ್ತು. ರೈತರೊಬ್ಬರು ಕರುಣೆಯಿಟ್ಟು ಟ್ರಾಕ್ಟರಿನಲ್ಲಿ ಹೆದ್ದಾರಿಯವರೆಗೆ ತಂದು ಬಿಟ್ಟರು. ಮನೆ ಸೇರಿದಾಗ ರಾತ್ರಿ ಹನ್ನೊಂದು. ಆ ತಾಯಿಯವರಿಗೆ ತಲೆಸುತ್ತು ಬಂದು ಎರಡು ದಿನ ಮಲಗಿದರು. ಅಂದಿನಿಂದ ಅವರು ನಮ್ಮೊಡನೆ ಎಲ್ಲಿಗೂ ಬರಲಿಲ್ಲ.

ಈ ತಪ್ಪಿನಲ್ಲಿ ಒಂದು ಸ್ವಾರಸ್ಯವಿದೆ. ಗುಜರಾತಿಯ ನಾಲ್ಕು ನಮ್ಮ ಕನ್ನಡದ ೪ಕ್ಕೆ ಒಡಹುಟ್ಟಿದಂತಿದೆ. ಎರಡು, ಮೂರು ಸಹ ಹಾಗೆಯೇ. ಇಂಗ್ಲಿಷ್ ಅಂಕೆಗೆ ಒಗ್ಗಿಹೋದ ಕಣ್ಣಿಗೆ ಮಾತ್ರ ಅದು ಬಾಯಿ ತೆರೆದ ಎಂಟಿನಂತೆ ಕಾಣುತ್ತದೆ. ಅಲ್ಲಿಯ ಒಂದು ಇಂಗ್ಲಿಷಿನ ಒಂಬತ್ತನ್ನು ಹೋಲುತ್ತದೆ. ಕನ್ನಡದ ಅಂಕೆಗಳನ್ನು ನೆನೆದಿದ್ದರೆ ಅಂದು ಮೋಸ ಹೋಗುತ್ತಿರಲಿಲ್ಲ. ಆದುದರಿಂದ ಮೊದಲನೆಯ ಪಾಠವಿದು: ಹೊರಡುವ ಮುನ್ನ ಗುಜರಾತಿಯ ಹತ್ತು ಅಂಕೆಗಳನ್ನೂ ಹೋಗುವ ಊರಿನ ಹೆಸರನ್ನೂ ಬರೆದು ಕಲಿಯಿರಿ. ದೇವನಾಗರಿ ಬಲ್ಲವರಿಗೆ ಇದು ಒಂದು ವಾರದ ಕೆಲಸ. ಅಕ್ಷರಗಳ ಮೇಲಿನ ಗೆರೆ ಇಲ್ಲವೆಂಬುದೇ ದೊಡ್ಡ ಭೇದ. ಓದಿದ ಮೇಲೂ ಬಾಯಿಬಿಟ್ಟು ಕೇಳಿರಿ: "ಛೇಲ್ಲೀ ಬಸ್ ಕೇಟಲಾ ವಾಗ್ಯೇ ಛೇ?" ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದು ಇದರ ಅರ್ಥ. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿರಿ.

ಎರಡನೆಯ ಪಾಠ ಲೆಕ್ಕದ್ದು. ಸಾಮಾನ್ಯವಾಗಿ ಜನರು ಹೊರಡುವ ಹೊತ್ತಿನಿಂದ ಎಣಿಸತೊಡಗುತ್ತಾರೆ. ಇದು ತಿರುಗುಮುರುಗಾದ ಕ್ರಮ. ಮರಳುವ ಬಸ್ಸಿನಿಂದ ಹಿಂದಕ್ಕೆ ಎಣಿಸಬೇಕು. ಕಡೆಯ ಬಸ್ಸನ್ನು ಇಲ್ಲವೆಂದೇ ಭಾವಿಸಿ, ಅದರ ಹಿಂದಿನದನ್ನು ನಮ್ಮದೆಂದು ಗೊತ್ತುಮಾಡಬೇಕು. ಅದು ತಪ್ಪಿದರೆ ಕಡೆಯದು ಇದ್ದೇ ಇದೆ. ಉದಾಹರಣೆಗೆ, ಮಧ್ಯಾಹ್ನ ೩ ಗಂಟೆಗೆ ಮರಳುವುದೆಂದು ಇಟ್ಟುಕೊಳ್ಳೋಣ. ಬೆಳಗ್ಗೆ ೬ಕ್ಕೆ ಹೊರಟು, ಕಾಯುವುದೂ ಸೇರಿ ದಾರಿಗೆ ಎರಡು ಗಂಟೆ ಹಿಡಿದರೆ, ೮ರಿಂದ ೩ರವರೆಗೆ ಏಳು ಗಂಟೆ ಸಿಕ್ಕಿತು. ಊಟ, ವಿಶ್ರಾಂತಿ, ಸಾಲು ನಿಲ್ಲುವುದು ಇವುಗಳಿಗೆ ಎರಡೂವರೆ ಕಳೆದರೆ ಉಳಿದದ್ದು ನಾಲ್ಕೂವರೆ. ಇಷ್ಟರಲ್ಲಿ ನೋಡಲಾಗುವಷ್ಟನ್ನೇ ನೋಡತಕ್ಕದ್ದು.

ಈಗ ಸ್ಥಳಗಳ ವಿಚಾರ. ಮೊದಲನೆಯದು ಪಾವಾಗಢ. ಇಲ್ಲಿಂದ ಸುಮಾರು ೫೦ ಕಿಲೋಮೀಟರು. ಬಸ್ಸುಗಳು ಹಾಲೋಲಿನ ಮೇಲಾಗಿ ಹೋಗುತ್ತವೆ. ಸುಮಾರು ೮೦೦ ಮೀಟರು ಎತ್ತರದ ಈ ಬೆಟ್ಟ ಜ್ವಾಲಾಮುಖಿಯ ಶಿಲೆಯಿಂದಾದುದು. ಬೆಳಗಾವಿ, ವಿಜಯಪುರದ ಕಡೆಯವರು ಇಲ್ಲಿಯ ಕಪ್ಪು ಕಲ್ಲನ್ನು ಕಂಡು ತಮ್ಮೂರನ್ನು ನೆನೆದರೆ ಆಶ್ಚರ್ಯವಿಲ್ಲ. ದಖನ್ನಿನ ಅದೇ ಲಾವಾರಸದ ಹಾಸು ಇಲ್ಲಿಯವರೆಗೂ ಚಾಚಿದೆ. ಬುಡದಲ್ಲಿರುವ ಚಾಂಪಾನೇರನ್ನು ಮಹಮೂದ್ ಬೇಗಡಾ ೧೪೮೪ರಲ್ಲಿ ಗೆದ್ದು ರಾಜಧಾನಿ ಮಾಡಿಕೊಂಡನು. ಬೆಟ್ಟವೂ ಊರೂ ಸೇರಿ ೨೦೦೪ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬುಡದಿಂದ ಮಾಚಿಯವರೆಗೆ ಬೇರೆ ಬಸ್ಸು. ಅಲ್ಲಿಂದ ಮೆಟ್ಟಿಲು ಅಥವಾ ತೂಗುತೊಟ್ಟಿಲು. ನವರಾತ್ರಿಯಲ್ಲಿ ಕಾಳಿಕಾ ಮಾತೆಯ ದರ್ಶನಕ್ಕೆ ಜನಸಾಗರವೇ ಸೇರುವುದರಿಂದ, ಪ್ರಕೃತಿ ನೋಡಬಯಸುವವರು ಆ ದಿನಗಳನ್ನು ಬಿಡುವುದು ಲೇಸು. ನಮ್ಮ ಊರಿನ ನಡುವೆ ಹರಿಯುವ ವಿಶ್ವಾಮಿತ್ರಿ ನದಿ ಹುಟ್ಟುವುದು ಈ ಬೆಟ್ಟಗಳಲ್ಲೇ ಎಂಬುದನ್ನು ಮಕ್ಕಳಿಗೆ ತೋರಿಸಿ ಹೇಳಿರಿ. ನಾವು ಸೇತುವೆಯ ಮೇಲಿಂದ ಕಾಣುವ ಮೊಸಳೆಗಳ ಮನೆಗೆ ನೀರು ಬರುವುದು ಅಲ್ಲಿಂದ.

ಎರಡನೆಯದು ವಢವಾಣಾ ಕೆರೆ. ಬರೋಡಾ ಸಂಸ್ಥಾನದವರು ಸುಮಾರು ೧೯೧೦ರಲ್ಲಿ ನೀರಾವರಿಗಾಗಿ ಕಟ್ಟಿಸಿದ್ದು. ಓರಸಂಗ್ ನದಿಯ ನೀರು ಇದಕ್ಕೆ ಆಧಾರ. ೨೦೨೧ರಲ್ಲಿ ಇದು ರಾಮ್‌ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಇಲ್ಲಿ ಕಾಣಬಹುದು. ಇದೇ ಜಾತಿಯ ಹಕ್ಕಿಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಊರಿನ ನಂಟರನ್ನು ಪರಸ್ಥಳದಲ್ಲಿ ಕಂಡ ಸಂತೋಷ ನಮಗೆ ಅಂದು ಆಯಿತು. ಡಭೋಯಿಯವರೆಗೆ ಬಸ್ಸೂ ರೈಲೂ ಉಂಟು. ಮುಂದಕ್ಕೆ ಆಟೋರಿಕ್ಷಾ ಮಾಡುವುದಾದರೆ ಮರಳಿ ಕರೆತರುವುದನ್ನೂ ಸೇರಿಸಿ ಮೊದಲೇ ಮಾತಾಡಿಕೊಳ್ಳಬೇಕು. ೧೮೬೨ರಲ್ಲಿ ಡಭೋಯಿಗೂ ಮಿಯಾಗಾಮಿಗೂ ನಡುವೆ ಹಾಕಿದ ಕಿರುಗೇಜಿನ ಹಳಿಯ ಮೇಲೆ ಮೊದಮೊದಲು ಗಾಡಿ ಎಳೆದದ್ದು ಎತ್ತುಗಳು! ಅವಸರದ ಪ್ರಯಾಣಿಕರು ಇದನ್ನು ನೆನೆದು ತಾಳ್ಮೆ ತಂದುಕೊಳ್ಳಬಹುದು.

ಮೂರನೆಯದು ಚಾಂದೋದ್. ನರ್ಮದೆಯೂ ಓರಸಂಗೂ ಕೂಡುವ ಕ್ಷೇತ್ರ. ಸರಸ್ವತಿ ಗುಪ್ತವಾಗಿ ಸೇರುತ್ತಾಳೆಂದು ನಂಬಿಕೆ. ೨೦೨೧ರ ಜನವರಿಯಲ್ಲಿ ಏಕತಾನಗರದವರೆಗೆ ಅಗಲಹಳಿ ಆರಂಭವಾದ ಮೇಲೆ ರೈಲಿನ ಅನುಕೂಲವಾಗಿದೆ. ಮೇಲ್ಭಾಗದಲ್ಲಿ ಸರ್ದಾರ್ ಸರೋವರ ಅಣೆಕಟ್ಟು ಇರುವುದರಿಂದ ನೀರು ಬಿಟ್ಟಾಗ ನದಿ ಏರುತ್ತದೆ. ಸ್ಥಳೀಯರು ಇಳಿಯದ ಕಡೆ ಯಾರೂ ಇಳಿಯಕೂಡದು.

ನಾಲ್ಕನೆಯದು ಜಾಂಬುಘೋಡಾ ಅಭಯಾರಣ್ಯ. ತೇಗ, ಬಿದಿರು, ಹಿಪ್ಪೆಯ ಕಾಡು. ಚಿರತೆ, ಕರಡಿಗಳ ನೆಲೆ. ಫಾಲ್ಗುಣದ ಸುಮಾರಿಗೆ ಮುತ್ತುಗ ಹೂ ಬಿಟ್ಟು ಕಾಡೆಲ್ಲ ಕೆಂಪಾಗುತ್ತದೆ. ಇಲ್ಲಿಯವರು ಅದನ್ನು ಕೇಸೂಡೋ ಎನ್ನುತ್ತಾರೆ. ಹೋಳಿಯ ಬಣ್ಣ ಅದರಿಂದಲೇ. ಹಿಪ್ಪೆಯ ಹೂ ಆಯುವುದು ಆದಿವಾಸಿ ಸಂಸಾರಗಳ ಜೀವನೋಪಾಯ. ಉದುರಿದ ಹೂವನ್ನು ತುಳಿಯದೆ ನಡೆಯುವುದು ಸಭ್ಯತೆ. ಕಾಡಿನೊಳಗೆ ಬಸ್ಸು ಕಡಿಮೆ. ಅನುಭವವಿಲ್ಲದವರು ಮೊದಲ ಮೂರು ಸ್ಥಳಗಳನ್ನು ಮುಗಿಸಿ ಇಲ್ಲಿಗೆ ಹೋಗಲಿ. ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಂಡೇ ಹೋಗಲಿ.

ಕಾಲದ ವಿಷಯ: ಕೆರೆ, ನದಿಗಳಿಗೆ ಕಾರ್ತಿಕದಿಂದ ಮಾಘದವರೆಗೆ, ಹಸಿರಿಗೆ ಶ್ರಾವಣ, ಭಾದ್ರಪದ ಒಳ್ಳೆಯದು. ಕಡು ಬೇಸಿಗೆಯಲ್ಲಿ ಮಕ್ಕಳು, ಮುದುಕರನ್ನು ಕರೆದೊಯ್ಯಬಾರದು. ಮಳೆಗಾಲದಲ್ಲಿ ಆಲ್ಕಾಪುರಿಯವರು ಇನ್ನೊಂದನ್ನು ಗಮನಿಸತಕ್ಕದ್ದು: ರೈಲುಹಳಿಯ ಕೆಳಗಿನ ಗರ್ನಾಳೆಯಲ್ಲಿ ನೀರು ನಿಲ್ಲುವುದುಂಟು. ಅಂಥ ದಿನ ಬಸ್ ನಿಲ್ದಾಣ ಸೇರಲು ಸುತ್ತಿಕೊಂಡು ಹೋಗಬೇಕಾದೀತು. ಅರ್ಧ ಗಂಟೆ ಮುಂಚಿತವಾಗಿ ಹೊರಡಿರಿ.

ಚೀಲದಲ್ಲಿ ತಲೆಗೆ ಎರಡು ಲೀಟರು ನೀರು, ಬುತ್ತಿ, ಟಾರ್ಚು, ಚಿಲ್ಲರೆ ಹಣ ಇರಲಿ. ಎಲ್ಲಕ್ಕೂ ಮಿಗಿಲಾಗಿ, ಪ್ರತಿಯೊಬ್ಬರ ಔಷಧಿ ಮರುದಿನ ಬೆಳಗಿನವರೆಗೆ ಸಾಲುವಷ್ಟು ಇರಲಿ. ಇದನ್ನು ಓದುಗರು ಮರೆತರೂ ನಾವು ಮರೆಯುವಂತಿಲ್ಲ.

ಬಸ್ಸು, ರೈಲಿನ ವೇಳೆಗಳು ಬದಲಾಗುತ್ತಲೇ ಇರುವುದರಿಂದ ಅವುಗಳನ್ನು ಇಲ್ಲಿ ಅಚ್ಚುಮಾಡಿಲ್ಲ. ಅದರ ಬದಲು ವಾಚನಾಲಯದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಹೋಗಿ ಬಂದವರು ತಾರೀಖು, ಬಸ್ಸು ಹೊರಟ ಹೊತ್ತು, ಮರಳಿದ ಹೊತ್ತು, ಕಂಡ ಹಕ್ಕಿ, ಮರ ಇವನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕೆಂದು ಪ್ರಾರ್ಥನೆ. ಒಬ್ಬರ ಅನುಭವ ಹತ್ತು ಮನೆಯ ದೀಪವಾದೀತು.

ಈ ಪಾಠ ಬರೆಯುವಾಗ ಆ ತಾಯಿಯವರಿಗೆ ಓದಿ ಹೇಳಿದೆವು. ಮೌನವಾಗಿ ಕೇಳಿ, "ಆ ಊರಿನ ಹಕ್ಕಿ ಇಲ್ಲಿಗೂ ಬರುತ್ತದೆಯೇ?" ಎಂದರು. ಈ ಚಳಿಗಾಲ ವಢವಾಣಾಕ್ಕೆ ಅವರೂ ಬರುವವರಿದ್ದಾರೆ. ಮರಳುವ ಬಸ್ಸನ್ನು ಈ ಸಲ ಅವರೇ ಗೊತ್ತುಮಾಡುತ್ತಾರಂತೆ.