ಬೀಗತನ ಮತ್ತು ಬೀಳ್ಕೊಡುಗೆ: ರಕ್ಕಸತಂಗಡಗಿ ಯುದ್ಧದ ಹಿನ್ನೆಲೆಯ ಸೈನಿಕ ಮೈತ್ರಿಗಳು

1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ನಡೆದ ಯುದ್ಧವನ್ನು ಎರಡು ಧರ್ಮಗಳ ಸಂಘರ್ಷವೆಂದು ನಿರೂಪಿಸುವ ಪರಿಪಾಠ ದೀರ್ಘಕಾಲದಿಂದ ಬೆಳೆದುಬಂದಿದೆ. ಈ ನಿರೂಪಣೆಯಲ್ಲಿ ಮರೆಯಾಗುವ ಸಂಗತಿಯೊಂದಿದೆ. ಯುದ್ಧಕ್ಕೆ ಕೆಲವೇ ವರ್ಷಗಳ ಹಿಂದೆ ವಿಜಯನಗರ, ಬಿಜಾಪುರ, ಗೋಲ್ಕೊಂಡಗಳ ಸೈನ್ಯಗಳು ಒಂದಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದವು. ಇಂತಹ ಮೈತ್ರಿಗಳನ್ನು ಲಿಖಿತ ಒಪ್ಪಂದಗಳಿಗಿಂತ ಹೆಚ್ಚಾಗಿ ದೊರೆಗಳ ನಡುವಿನ ಅನೌಪಚಾರಿಕ ಸಂವಾದವೇ ರೂಪಿಸುತ್ತಿತ್ತು ಎಂಬುದು ಇಲ್ಲಿ ಪರಿಶೀಲನಾರ್ಹ.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ಸುಮಾರು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. 1550ರಲ್ಲಿ ಅವನು ದೊರೆಯಾದಾಗ ಎರಡು ರಾಜ್ಯಗಳ ನಡುವೆ ಹಳೆಯ ಒಡನಾಟದ ನಂಟು ಆಗಲೇ ಏರ್ಪಟ್ಟಿತ್ತು. ಬಿಜಾಪುರದ ಅಲಿ ಆದಿಲ್ ಷಾನ ನಡೆ ಇನ್ನೂ ಗಮನಾರ್ಹವಾದುದು. ಫೆರಿಷ್ತಾ ಹೇಳುವಂತೆ, ರಾಮರಾಯನ ಮಗ ತೀರಿಕೊಂಡಾಗ ಅಲಿಯು ನೂರು ಸವಾರರೊಡನೆ ಸ್ವತಃ ವಿಜಯನಗರಕ್ಕೆ ಬಂದು ಸಂತಾಪ ಸೂಚಿಸಿದನು. ರಾಮರಾಯನ ರಾಣಿ ಅವನನ್ನು ಮಗನೆಂದು ಸ್ವೀಕರಿಸಿದಳು. ಅಹಮದ್‌ನಗರದ ವಿರುದ್ಧ ನಡೆದ ಜಂಟಿ ದಂಡಯಾತ್ರೆಗೆ ಈ ನಂಟೇ ಬುನಾದಿ. ಅದರ ಫಲವಾಗಿ ಕಲ್ಯಾಣದ ಕೋಟೆ ಬಿಜಾಪುರಕ್ಕೆ ಮರಳಿತು.

ಆದರೆ ಅದೇ ಭೇಟಿಯಲ್ಲಿ ಒಡಕಿನ ಬೀಜವೂ ಇತ್ತು. ಮೂರು ದಿನಗಳ ಬಳಿಕ ಅಲಿ ಹೊರಟಾಗ ರಾಮರಾಯನು ನಗರದ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ. ಅಲಿ ಆ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡನೆಂದು ಫೆರಿಷ್ತಾ ಬರೆಯುತ್ತಾನೆ. ಅವನು ಯುದ್ಧವಾಗಿ ಹಲವು ದಶಕಗಳ ಮೇಲೆ ಬಿಜಾಪುರದ ಆಶ್ರಯದಲ್ಲಿ ಬರೆದವನು. ಸಾಕುತಂದೆಯ ಮೇಲೆ ಕತ್ತಿ ಹಿರಿದ ದೊರೆಗೆ ಸಮರ್ಥನೆ ಒದಗಿಸುವ ಒತ್ತಡ ಈ ಕಥನದ ಹಿಂದೆ ಇರುವುದನ್ನು ಅಲ್ಲಗಳೆಯಲಾಗದು. ಹಾಗಿದ್ದರೂ ಮೈತ್ರಿಯ ಮುರಿವಿಗೆ ಕಾರಣವಾಗಿ ಕರಾರಿನ ಉಲ್ಲಂಘನೆಯನ್ನಷ್ಟೇ ಹೇಳದೆ ಬೀಳ್ಕೊಡುಗೆಯ ಲೋಪವನ್ನೂ ಹೇಳುವುದು ಆ ಕಾಲದ ರಾಜನೀತಿಯ ಭಾಷೆಯನ್ನು ತಿಳಿಸುತ್ತದೆ.

ಹೊಸ ಕೂಟವೂ ಇದೇ ಭಾಷೆಯಲ್ಲಿ ರೂಪುಗೊಂಡಿತು. ಗೋಲ್ಕೊಂಡದ ಮುಸ್ತಫಾ ಖಾನ್ ಬಿಜಾಪುರ, ಅಹಮದ್‌ನಗರಗಳ ನಡುವೆ ಓಡಾಡಿ, ಹುಸೇನ್ ನಿಜಾಂ ಷಾನೊಡನೆ ಏಕಾಂತದಲ್ಲಿ ಮಾತುಕತೆ ನಡೆಸಿದನು. ಹುಸೇನನ ಮಗಳು ಚಾಂದ್‌ಬೀಬಿಯನ್ನು ಅಲಿಗೂ, ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೂ ಕೊಟ್ಟು ಮದುವೆ ಮಾಡಲಾಯಿತು. ಎರಡು ರಾಜ್ಯಗಳ ಹಳೆಯ ವ್ಯಾಜ್ಯಕ್ಕೆ ಕಾರಣವಾಗಿದ್ದ ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಿಜಾಪುರಕ್ಕೆ ಬಂದಿತು. ಕೊಟ್ಟು ಕೊಂಡ ಈ ಬೀಗತನ ಗಡಿಯ ಜಗಳವನ್ನು ಮನೆಯ ಮಾತಾಗಿ ಮಾರ್ಪಡಿಸಿತು. ಸೋತವನ ಮಾನಕ್ಕೆ ಕುಂದು ಬಾರದಂತೆ ಕೋಟೆಯನ್ನು ಬಿಟ್ಟುಕೊಡುವ ಮಾರ್ಗ ಅದೊಂದೇ ಆಗಿತ್ತು.

ಗೆಲುವಿನ ಬಳಿಕ ಕೂಟ ಉಳಿಯಲಿಲ್ಲ; ಕೆಲವೇ ವರ್ಷಗಳಲ್ಲಿ ಬಿಜಾಪುರ, ಅಹಮದ್‌ನಗರಗಳು ಮತ್ತೆ ಕಾದಾಡಿದವು. ಆದರೆ ಬೀಗತನ ಪೂರ್ತಿ ಅಳಿಯಲಿಲ್ಲ. 1595ರಲ್ಲಿ ಮೊಗಲ್ ಸೈನ್ಯ ಅಹಮದ್‌ನಗರವನ್ನು ಮುತ್ತಿದಾಗ ಕೋಟೆಯ ರಕ್ಷಣೆಗೆ ನಿಂತವಳು ಬಿಜಾಪುರದಲ್ಲಿ ರಾಜಪ್ರತಿನಿಧಿಯಾಗಿದ್ದ ಅದೇ ಚಾಂದ್‌ಬೀಬಿ. ಅವಳ ನೆರವಿಗೆ ಬಿಜಾಪುರದ ಸುಹೇಲ್ ಖಾನನ ದಂಡು ಹೊರಟಿತು.

ವೈಯಕ್ತಿಕ ನಂಟಿನ ಮೇಲೆ ನಿಂತ ಸೈನಿಕ ಮೈತ್ರಿ ಬೇಗ ಕೂಡುತ್ತದೆ, ಚಿಕ್ಕ ಲೋಪಕ್ಕೂ ಮುರಿಯುತ್ತದೆ. ಕೆಲವೊಮ್ಮೆ ಒಪ್ಪಂದ ಮುಗಿದ ಮೇಲೂ ಬಾಳುತ್ತದೆ. 1565ರ ಯುದ್ಧವನ್ನು ಕೇವಲ ಧರ್ಮಸಂಘರ್ಷವೆಂದು ಓದಿದಾಗ ಈ ಮೂರೂ ಅಂಶಗಳು ಕಣ್ಮರೆಯಾಗುತ್ತವೆ. ಆಶ್ರಯ, ಸಾಕುಮಗ, ಬೀಗತನ, ಬೀಳ್ಕೊಡುಗೆ ಎಂಬ ಮಾತುಗಳನ್ನು ಮನೆವಾರ್ತೆಯ ಪದಗಳೆಂದು ಬದಿಗಿಡದೆ, ಮಧ್ಯಕಾಲೀನ ದಖ್ಖನ್ನಿನ ರಾಜನೀತಿಯ ಪರಿಭಾಷೆಯೆಂದು ಅಭ್ಯಸಿಸುವ ಅಗತ್ಯವಿದೆ.